ಸೀಲ್ಡಾ, ಪೋರ್ಟೆಡ್ಡಾ? ಡಿಕ್ಕಿಯೊಳಗಿನ ಡಬ್ಬದ ಚರಿತ್ರೆ

(1/4)
ಸಂಜೆ ಪಿ.ಬಿ. ರೋಡ್‌ನಲ್ಲಿ ನಿಂತ್ರೆ ಮೊದಲು ಬೇಸ್ ಬರುತ್ತೆ, ಆಮೇಲೆ ಕಾರು. ಶಾಮನೂರಿನ ನಮ್ಮ ಹುಡುಗರಲ್ಲಿ ಈಗ ಒಂದೇ ಜಗಳ: ಸಬ್‌ವೂಫರ್‌ಗೆ ಸೀಲ್ಡ್ ಬಾಕ್ಸೋ, ಪೋರ್ಟೆಡ್ ಬಾಕ್ಸೋ? ದುಡ್ಡು ಕೊಡೋ ಮುಂಚೆ ಇವೆರಡೂ ಯಾಕೆ ಹುಟ್ಟಿದ್ವು ಅಂತ ನೋಡ್ರಪ್ಪ.

ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತುತ್ತೆ, ಹಿಂದಿನದು ಸಡಿಲಾಗುತ್ತೆ. ಬೇಸ್‌ನ ಅಲೆ ಬಹಳ ಉದ್ದ. 40 ಹರ್ಟ್ಸ್ ಅಂದ್ರೆ ಒಂದು ಅಲೆಯೇ ಸುಮಾರು ಎಂಟೂವರೆ ಮೀಟರ್. ಹಿಂದಿನ ಅಲೆ ಸಲೀಸಾಗಿ ಸುತ್ತಿ ಬಂದು ಮುಂದಿನದನ್ನು ನುಂಗಿಬಿಡುತ್ತೆ. ಅದನ್ನ ತಡೆಯೋಕೆ ಡಬ್ಬ.

(2/4)
1930ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಪೇಟೆಂಟ್‌ಗೆ ಅರ್ಜಿ ಹಾಕಿದರು, 1932ರಲ್ಲಿ ಸಿಕ್ಕಿತು. ಆಗಿನ ಆಂಪ್ಲಿಫೈಯರ್‌ಗಳ ಶಕ್ತಿ ತೀರಾ ಕಮ್ಮಿ, ಒಂದೊಂದು ವಾಟ್‌ಗೂ ಬೆಲೆ. ಹಿಂದಿನ ಅಲೆಯನ್ನ ವೇಸ್ಟ್ ಮಾಡದೆ, ಡಬ್ಬಕ್ಕೆ ಒಂದು ದಾರಿ ಬಿಟ್ಟು ಹೊರಗೆ ತಂದರು. ಘಟಂ ನೆನಪಿಸಿಕೊಳ್ಳಿ: ಮಡಕೆಯ ಬಾಯಿ ಹೊಟ್ಟೆಗೆ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು. ಒಳಗಿನ ಗಾಳಿಯೂ ಹಾಡುತ್ತೆ. ಪೋರ್ಟ್‌ನ ಉದ್ದ, ಅಗಲ ಬದಲಾದ್ರೆ ಶ್ರುತಿಯೂ ಬದಲು.

(3/4)
1954ರ ಹೊತ್ತಿಗೆ ಕೊರತೆ ಬೇರೆ. ಒಳ್ಳೆ ಬೇಸ್ ಬೇಕಂದ್ರೆ ಬೀರುವಿನಷ್ಟು ದೊಡ್ಡ ಡಬ್ಬ ಬೇಕಿತ್ತು, ಮನೆಯಲ್ಲಿ ಜಾಗ ಎಲ್ಲಿ? ಎಡ್ಗರ್ ವಿಲ್ಚೂರ್, ತಮ್ಮ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆ ಕಂಪನಿ ಕಟ್ಟಿ ಎಆರ್-1 ತಂದರು. ಕೋನ್‌ನ ಬಿಗಿ ಸಡಿಲಿಸಿ, ಮುಚ್ಚಿದ ಚಿಕ್ಕ ಡಬ್ಬದ ಗಾಳಿಯನ್ನೇ ಸ್ಪ್ರಿಂಗ್ ಮಾಡಿದ್ರು. ಜಾಗ ಉಳಿಯಿತು, ವಾಟ್ ಜಾಸ್ತಿ ಬೇಕಾಯಿತು.

ಪೋರ್ಟೆಡ್ ಡಬ್ಬ ಮಾತ್ರ ಇನ್ನೂ ಬಹುಪಾಲು ಅಂದಾಜಿನ ಕೆಲಸವೇ ಆಗಿತ್ತು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದಕ್ಕೆ ಲೆಕ್ಕ ಕೊಟ್ಟರು. ವೂಫರ್ ಜೊತೆ ಬರೋ ಶೀಟ್‌ನಲ್ಲಿ ಎಫ್‌ಎಸ್, ಕ್ಯೂಇಎಸ್ ಅಂತ ಇರುತ್ತಲ್ಲ, ಅದೆಲ್ಲ ಇವರ ಆಸ್ತಿ. ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ. 50ರ ಹತ್ತಿರ ಬಂದ್ರೆ ಸೀಲ್ಡ್, 100ರ ಹತ್ತಿರ ಬಂದ್ರೆ ಪೋರ್ಟೆಡ್. (ಬಿಕಾಂನವರಿಗೆ ರೇಷಿಯೋ ಹೇಳಿಕೊಡಬೇಕಾ!)

(4/4)
ಕಾರಿನಲ್ಲಿ ಇನ್ನೊಂದು ಮಜಾ ಐತೆ. ಚಿಕ್ಕ, ಮುಚ್ಚಿದ ಜಾಗ ಆದ್ದರಿಂದ ತೀರಾ ಕೆಳಗಿನ ಬೇಸ್ ತಾನಾಗೇ ಏರುತ್ತೆ. ಸೀಲ್ಡ್ ಬಾಕ್ಸ್‌ನ ಬೇಸ್ ಆಕ್ಟೇವ್‌ಗೆ 12 ಡೆಸಿಬೆಲ್‌ನಂತೆ ನಿಧಾನ ಇಳಿಯೋದರಿಂದ ಎರಡೂ ಸೇರಿ ಸಮ ಆಗ್ತವೆ. ಪೋರ್ಟೆಡ್‌ನದು ಶ್ರುತಿಯ ಕೆಳಗೆ 24ರಂತೆ ಧಡಕ್ಕನೆ ಬೀಳುತ್ತೆ. ಅಲ್ಲಿ ಕೋನ್‌ಗೆ ಹಿಡಿತವೇ ಇಲ್ಲ, ವಾಲ್ಯೂಮ್ ಏರಿಸಿದ್ರೆ ವೂಫರ್ ಹೋಗುತ್ತೆ.

ನನ್ನ ಓಟು: ಅಪ್ಪನ ಹ್ಯಾಚ್‌ಬ್ಯಾಕ್ ಆದ್ರೆ ಸೀಲ್ಡ್. ಹರಿಹರದಿಂದ ನೆಂಟರು ಬಂದಾಗ ಡಿಕ್ಕಿಯಲ್ಲಿ ಅವರ ಬ್ಯಾಗೂ ಹಿಡಿಬೇಕಲ್ವಾ. ಸ್ವಂತ ಕಾರು, ಜಾಗ ಐತೆ, ಅದೇ ಆಂಪ್‌ನಲ್ಲಿ ಸೌಂಡ್ ಜೋರಾಗೇ ಬೇಕು ಅಂದ್ರೆ ಪೋರ್ಟೆಡ್ ಮಾಡಿಸಿ. ಆದ್ರೆ ಲೆಕ್ಕ ಹಾಕದೆ ಕೈಗೆ ಸಿಕ್ಕ ಪಿವಿಸಿ ಪೈಪ್ ತೂರಿಸೋರ ಹತ್ರ ಬೇಡ. ಶೀಟ್ ತೆಗೆದು ಭಾಗಿಸಿ, ನಿಮ್ಮದು ಎಷ್ಟು ಬಂತು ಹೇಳ್ರಿ.