ಸರಿಯಾಗಿ 3,000 ಹಿಟ್: ಬೇಸ್‌ಬಾಲ್ ದಿಗ್ಗಜ ರಾಬರ್ಟೊ ಕ್ಲೆಮೆಂಟೆ ಯಾರು?

ಚೆಂಡು ಹೊಡೆದು, ಔಟಾಗದೆ ಬೇಸ್ ಮುಟ್ಟಿದರೆ ಅದು ಒಂದು ಹಿಟ್. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 3,000 ಹಿಟ್ ಅಂದ್ರೆ ಬೆರಳೆಣಿಕೆಯ ಆಟಗಾರರಿಗಷ್ಟೇ ಸಿಕ್ಕ ಗೌರವ. ರಾಬರ್ಟೊ ಕ್ಲೆಮೆಂಟೆ ಅವರ ಲೆಕ್ಕ ಸರಿಯಾಗಿ 3,000ಕ್ಕೇ ನಿಂತಿದೆ.

ಕಬ್ಬಿನ ಗದ್ದೆಯಿಂದ ಮೈದಾನಕ್ಕೆ

ಕ್ಲೆಮೆಂಟೆ ಹುಟ್ಟಿದ್ದು 1934ರ ಆಗಸ್ಟ್ 18ರಂದು, ಪೋರ್ಟೊರಿಕೊ ದ್ವೀಪದ ಕ್ಯಾರೊಲಿನಾದಲ್ಲಿ. ತಂದೆ ಕಬ್ಬಿನ ತೋಟದಲ್ಲಿ ಮೇಸ್ತ್ರಿ. ಮನೆಯಲ್ಲಿ ಇವರೇ ಕೊನೆಯ ಮಗ. 1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಒಪ್ಪಂದ ಮಾಡಿಕೊಂಡರೂ ಕೆಳಹಂತದ ತಂಡದಲ್ಲೇ ಕೂರಿಸಿತು. ಅದೇ ವರ್ಷದ ಕೊನೆಗೆ, ಪಟ್ಟಿಯಲ್ಲಿ ತಳದಲ್ಲಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ಇವರನ್ನು ಆರಿಸಿಕೊಂಡಿತು. 1955ರಿಂದ ಕೊನೇವರೆಗೂ, 18 ಸೀಸನ್, ಅದೊಂದೇ ತಂಡ.

ಬಣ್ಣ, ಭಾಷೆಯ ಅಡ್ಡಿ

ಕಪ್ಪು ಬಣ್ಣ, ಸ್ಪ್ಯಾನಿಷ್ ಮಾತು. ಫ್ಲೋರಿಡಾದ ತರಬೇತಿ ಶಿಬಿರದಲ್ಲಿ ಬಿಳಿಯ ಆಟಗಾರರು ಉಳಿಯುವ ಹೋಟೆಲ್‌ಗೆ ಇವರಿಗೆ ಪ್ರವೇಶ ಇರಲಿಲ್ಲ. ಪತ್ರಿಕೆಗಳು ಇವರ ಇಂಗ್ಲಿಷ್ ಉಚ್ಚಾರಣೆಯನ್ನು ಹಾಗೇ ಅಚ್ಚು ಹಾಕಿ ಗೇಲಿ ಮಾಡಿದವು, 'ಬಾಬ್' ಅಂತ ಕರೆದವು. ತನ್ನ ಹೆಸರು ರಾಬರ್ಟೊ ಅಂತ ಅವರು ಪಟ್ಟು ಬಿಡಲಿಲ್ಲ. 1971ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಾಗ ಟಿವಿ ಕ್ಯಾಮೆರಾ ಎದುರು ಮೊದಲು ಸ್ಪ್ಯಾನಿಷ್‌ನಲ್ಲೇ ಮಾತಾಡಿ ಅಪ್ಪ ಅಮ್ಮನ ಆಶೀರ್ವಾದ ಕೇಳಿದರು.

ಸಾಧನೆ ಒಂದು ನೋಟ

* ವರ್ಲ್ಡ್ ಸೀರೀಸ್ ಗೆಲುವು: 1960, 1971
* ಲೀಗ್‌ನ ಅತ್ಯುತ್ತಮ ಆಟಗಾರ: 1966
* ಬ್ಯಾಟಿಂಗ್ ಸರಾಸರಿಯಲ್ಲಿ ಲೀಗ್‌ಗೆ ಮೊದಲಿಗ: 4 ಬಾರಿ
* ಫೀಲ್ಡಿಂಗ್‌ಗೆ ಗೋಲ್ಡ್ ಗ್ಲೌವ್: 12 ಬಾರಿ

ರೈಟ್ ಫೀಲ್ಡ್‌ನಿಂದ ಇವರು ಎಸೆಯುವ ಚೆಂಡಿಗೆ ಹೆದರಿ ಎದುರಾಳಿಗಳು ಇನ್ನೊಂದು ಬೇಸ್‌ಗೆ ಓಡಲು ಹಿಂದೆಮುಂದೆ ನೋಡುತ್ತಿದ್ದರು.

ಕೊನೆಯ ಪಯಣ

1972ರ ಸೆಪ್ಟೆಂಬರ್ 30ರಂದು 3,000ನೇ ಹಿಟ್ ಬಂತು. ಡಿಸೆಂಬರ್ 23ರಂದು ನಿಕರಾಗುವಾ ದೇಶದ ರಾಜಧಾನಿ ಮನಾಗುವಾ ಭೂಕಂಪಕ್ಕೆ ನೆಲಸಮವಾಯ್ತು. ಕ್ಲೆಮೆಂಟೆ ಪರಿಹಾರ ಸಾಮಗ್ರಿ ಸಂಗ್ರಹಿಸಿ ಕಳಿಸತೊಡಗಿದರು. ಆದರೆ ಸಾಮಾನು ಸಂತ್ರಸ್ತರ ಕೈಸೇರದೆ ಅಲ್ಲಿನ ಸೈನಿಕರ ಪಾಲಾಗ್ತಿದೆ ಎಂಬ ಸುದ್ದಿ ಬಂತು. ತಾವೇ ಜೊತೆಗೆ ಹೋದರೆ ಯಾರೂ ಮುಟ್ಟಲಾರರು ಅಂತ ಡಿಸೆಂಬರ್ 31ರ ರಾತ್ರಿ ವಿಮಾನ ಹತ್ತಿದರು.

ಹಳೆಯ ವಿಮಾನ, ಮಿತಿ ಮೀರಿದ ಭಾರ. ಸ್ಯಾನ್ ಹುವಾನ್‌ನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ಐವರೂ ಉಳಿಯಲಿಲ್ಲ. 38 ವರ್ಷದ ಕ್ಲೆಮೆಂಟೆ ಅವರ ದೇಹ ಸಿಗಲೇ ಇಲ್ಲ.

ನಿವೃತ್ತಿಯಾಗಿ ಐದು ವರ್ಷ ಕಳೆದ ಮೇಲಷ್ಟೇ ಹಾಲ್ ಆಫ್ ಫೇಮ್‌ಗೆ ಸೇರಿಸುವುದು ರೂಢಿ. ಇವರಿಗಾಗಿ ಆ ನಿಯಮ ಸಡಿಲಿಸಿ 1973ರಲ್ಲೇ ಸೇರಿಸಲಾಯಿತು. ಪೈರೇಟ್ಸ್ ತಂಡ ಇವರ 21ನೇ ನಂಬರ್ ಜೆರ್ಸಿಯನ್ನು ಮತ್ಯಾರಿಗೂ ಕೊಟ್ಟಿಲ್ಲ. ಆಟದ ಜೊತೆ ಸಮಾಜಸೇವೆಯನ್ನೂ ಮಾಡುವ ಆಟಗಾರನಿಗೆ ಮೇಜರ್ ಲೀಗ್ ಪ್ರತಿ ವರ್ಷ ಕೊಡುವ ಪ್ರಶಸ್ತಿಗೆ ಈಗಲೂ ಇವರದ್ದೇ ಹೆಸರು.