ಬರೆದು ಬದುಕುವುದು: ಗಳಗನಾಥರ ಪುಸ್ತಕದ ಹೊರೆಯಿಂದ ಮೊಬೈಲ್ ಪರದೆಯವರೆಗೆ

"ಕನ್ನಡದಲ್ಲಿ ಬರೆದು ಹೊಟ್ಟೆ ತುಂಬುತ್ತದೆಯೇ?" ಸಾಹಿತ್ಯದ ಆಸಕ್ತಿ ತೋರಿಸುವ ಮಗಳಿಗೆ ಮನೆಯಲ್ಲಿ ಮೊದಲು ಕೇಳಿಸುವ ಮಾತು ಇದು. ಈಗ ಇಂಟರ್‌ನೆಟ್ ಇದೆ, ಕೃತಕ ಬುದ್ಧಿಮತ್ತೆಯೂ ಬಂದಿದೆ. ಹಾಗಾಗಿ ಪ್ರಶ್ನೆ ಇನ್ನಷ್ಟು ಗಟ್ಟಿಯಾಗಿದೆ. ಆದರೆ ಪ್ರಶ್ನೆ ಹಳೆಯದು. ಮುಂದೇನು ಎಂದು ತಿಳಿಯಲು ಸ್ವಲ್ಪ ಹಿಂದೆ ತಿರುಗಿ ನೋಡುವುದು ಒಳ್ಳೆಯದು.

ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗರಿಲ್ಲದ ಕಾಲದಲ್ಲಿ ಓದುಗರನ್ನು ಹುಡುಕಿಕೊಂಡು ಹೋದರು. ಹೆಣ್ಣುಮಕ್ಕಳಿಗೆ ಹಾಗೆ ತಿರುಗುವ ಸ್ವಾತಂತ್ರ್ಯ ಎಲ್ಲಿತ್ತು? ಆದರೂ ನಂಜನಗೂಡಿನ ತಿರುಮಲಾಂಬ (1887–1982) ಒಂದು ದಾರಿ ಕಂಡುಕೊಂಡರು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಅವರು ಮನೆಯಲ್ಲೇ ಓದಿ, ಬರೆದು, 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ಕೃತಿಗಳನ್ನು ತಾವೇ ಪ್ರಕಟಿಸಿದರು. 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದರು. ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಅವರೇ. ಇಂದು 'ಸೆಲ್ಫ್ ಪಬ್ಲಿಷಿಂಗ್' ಎಂದು ನಾವು ಹೊಸದಾಗಿ ಕರೆಯುವ ಕೆಲಸವನ್ನು ಒಬ್ಬ ಕನ್ನಡತಿ ನೂರು ವರ್ಷಗಳ ಹಿಂದೆಯೇ ಮಾಡಿದ್ದರು.

ಮುಂದಿನ ತಲೆಮಾರಿನಲ್ಲಿ ಅ.ನ.ಕೃ. ಬರವಣಿಗೆಯನ್ನೇ ವೃತ್ತಿಯಾಗಿ ನೆಚ್ಚಿದರು. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ತ್ರಿವೇಣಿ (1928–1963) ಸುಮಾರು ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಕೊಟ್ಟರು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' 1963ರಲ್ಲಿ ಬಂದಾಗ ಅವರಿಗೆ ನಲವತ್ತಾರರ ಆಸುಪಾಸು. ವಾರಪತ್ರಿಕೆಗಳ ಧಾರಾವಾಹಿ, ಬೀದಿಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿ, ಕಾದಂಬರಿ ಆಧಾರಿತ ಸಿನಿಮಾ, ಎಲ್ಲವೂ ಸೇರಿ ಲೇಖಕಿಯರಿಗೆ ದೊಡ್ಡ ಓದುಗ ಬಳಗ ಸಿಕ್ಕಿತು. ಆದರೆ ಲೆಕ್ಕ ಹಾಕಿ ನೋಡಿ: ಲೈಬ್ರರಿಯ ಒಂದು ಪ್ರತಿಯನ್ನು ನೂರು ಗೃಹಿಣಿಯರು ಬಾಡಿಗೆ ಕೊಟ್ಟು ಓದಿದರೂ ಬರೆದವಳಿಗೆ ಗೌರವಧನ ಒಂದೇ ಪ್ರತಿಯದ್ದು. ಜನಪ್ರಿಯತೆಗೂ ಸಂಪಾದನೆಗೂ ಅಂದಿನಿಂದಲೇ ದೂರ.

ಹಾಗಾಗಿ ಹೆಚ್ಚಿನವರು ಇನ್ನೊಂದು ಉದ್ಯೋಗ ಹಿಡಿದೇ ಬರೆದರು. ಮುಂಬಯಿಯ ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರು. ಜಯಂತ ಕಾಯ್ಕಿಣಿಯವರೂ ಅದೇ ನಗರದಲ್ಲಿ ಕೆಮಿಸ್ಟ್ ಆಗಿದ್ದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ವಕೀಲರು. ಆ ಪ್ರಶಸ್ತಿಯ 50,000 ಪೌಂಡ್ ಮೊತ್ತವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮವಾಗಿ ಹಂಚಲಾಯಿತು. ಅನುವಾದವೂ ಬರವಣಿಗೆಯೇ, ಅದಕ್ಕೂ ಬೆಲೆಯಿದೆ ಎಂಬುದನ್ನು ನಾವು ಗಮನಿಸಬೇಕು.

ಇನ್ನು ಇಂಟರ್‌ನೆಟ್. 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡ ಲಿಪಿ ಸೇರಿತ್ತು. 1998ರಲ್ಲಿ 'ಬರಹ' ತಂತ್ರಾಂಶ ಬಂತು. ಹೊರನಾಡಿನಲ್ಲಿ ಕನ್ನಡ ಅಚ್ಚುಮೊಳೆಯೇ ಸಿಗದೆ ಪರದಾಡುತ್ತಿದ್ದ ನಮ್ಮಂಥ ಸಂಘಗಳಿಗೆ ಇದೊಂದು ವರ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಪ್ರತಿಲಿಪಿ'ಯಂಥ ವೇದಿಕೆಗಳಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಧಾರಾವಾಹಿ ಬರೆಯಬಹುದು. ಅಡುಗೆಮನೆಯ ಕೆಲಸ ಮುಗಿಸಿ ರಾತ್ರಿ ಮೊಬೈಲ್‌ನಲ್ಲೇ ಒಂದು ಅಧ್ಯಾಯ ಟೈಪ್ ಮಾಡಬಹುದು.

ಆದರೆ ತಂತ್ರಜ್ಞಾನದ ಕ್ಷೇತ್ರದಲ್ಲೇ ಇರುವವಳಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತಿರುಮಲಾಂಬ ಅವರ ಗ್ರಂಥಮಾಲೆ ಅವರದ್ದೇ ಆಗಿತ್ತು. ನಾವು ಬರೆಯುವ ಆ್ಯಪ್ ನಮ್ಮದಲ್ಲ. ಅದರ ನಿಯಮ, ಹಣದ ಲೆಕ್ಕ, ಯಾರಿಗೆ ಏನು ಕಾಣಿಸಬೇಕೆಂಬ ತೀರ್ಮಾನ, ಎಲ್ಲವೂ ಕಂಪನಿಯ ಕೈಯಲ್ಲಿ. ಅಮೆಜಾನ್ ಕಿಂಡಲ್ 2016ರಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಬಾಗಿಲು ಬೇರೆಯವರದ್ದಾದರೆ ಕಾಯುವ ಸರದಿ ನಮ್ಮದು.

ಕೃತಕ ಬುದ್ಧಿಮತ್ತೆಯ ಏಟು ಮೊದಲು ಬೀಳುತ್ತಿರುವುದು ಹೆಸರಿಲ್ಲದ ಬರವಣಿಗೆಯ ಮೇಲೆ. ಜಾಹೀರಾತಿನ ಅನುವಾದ, ವಸ್ತು ವಿವರಣೆ, ಉಪಶೀರ್ಷಿಕೆ ಇಂಥವು. ಮನೆಯಿಂದಲೇ ಇವನ್ನು ಮಾಡಿ ನಾಲ್ಕು ಕಾಸು ಕಾಣುತ್ತಿದ್ದ ಮಹಿಳೆಯರಿಗೆ ಇದು ನಿಜವಾದ ಕಷ್ಟ. ಹೆಸರು ಹೇಳಿದರೆ ಓದುಗರು ಗುರುತಿಸುವ ಬರಹ, ಒಂದು ಊರಿನ ಮಾತಿನ ವಾಸನೆ ಇರುವ ಬರಹ ಇವುಗಳಿಗೆ ಮಾತ್ರ ಇನ್ನೂ ಜಾಗವಿದೆ.

ಆದ್ದರಿಂದ ಬರೆಯುವ ಗೆಳತಿಯರು ಕಾನೂನನ್ನು ಸ್ವಲ್ಪ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಅರ್ಥ. ಲೇಖಕಿ ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಹಕ್ಕುಗಳನ್ನು ಬೇರೆ ಬೇರೆಯಾಗಿ ಕೊಡಬಹುದು. "ಒಪ್ಪುತ್ತೇನೆ" ಎಂಬ ಗುಂಡಿ ಒತ್ತುವ ಮುನ್ನ ಷರತ್ತು ಓದಿ. ಬರೆದದ್ದರ ಒಂದು ಪ್ರತಿ ನಿಮ್ಮ ಬಳಿಯೇ ಇರಲಿ.

ಓದುಗರಾದ ನಮಗೂ ಹೊಣೆಯಿದೆ. ಸಂಗೀತಗಾರರಿಗೆ, ಕೇಟರಿಂಗ್‌ನವರಿಗೆ ಸಂಭಾವನೆ ಕೊಡುವ ಸಂಘಗಳು ಲೇಖಕಿಗೆ ಮಾತ್ರ ಶಾಲು, ಹಾರದಲ್ಲೇ ಮುಗಿಸುತ್ತವೆ. ಶಾಲಿನ ಜೊತೆ ಒಂದು ಲಕೋಟೆಯೂ ಇರಲಿ. ಆಕೆಯ ಪುಸ್ತಕದ ಹತ್ತು ಪ್ರತಿಗಳನ್ನು ಸಭೆಯಲ್ಲೇ ಕೊಂಡುಕೊಳ್ಳೋಣ. ಪಿಡಿಎಫ್ ಹಂಚುವ ಅಭ್ಯಾಸವನ್ನು ನಮ್ಮ ವಾಟ್ಸಾಪ್ ಗುಂಪಿನಿಂದಲೇ ನಿಲ್ಲಿಸೋಣ. ಗಳಗನಾಥರು ಪುಸ್ತಕ ಹೊತ್ತು ತಂದಾಗ ಕೊಂಡವರು ಇದ್ದುದರಿಂದಲೇ ಅವರು ಮುಂದಿನ ಊರಿಗೆ ನಡೆದರು.