ಮಕ್ಕಳ ಶಾಲೆ, ತಂದೆತಾಯಿಯರ ಹಕ್ಕು



ಹನ್ನೆರಡು ವರ್ಷದ ಬಾಲಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳುತ್ತಿದ್ದ ಪ್ರಸಂಗವನ್ನು ಪವಿತ್ರ ಕುಟುಂಬದ ಹಬ್ಬದಲ್ಲಿ ಆಲಿಸುವುದುಂಟು. ಮಾತೆ ಮರಿಯಮ್ಮನವರ ಮತ್ತು ಸಂತ ಜೋಸೆಫರ ಕಳವಳವೂ ಅದೇ ಪ್ರಸಂಗದಲ್ಲಿದೆ. ಮಗುವನ್ನು ಯಾವ ಶಾಲೆಗೆ ಒಪ್ಪಿಸೋಣ, ಫೀ ಎಲ್ಲಿಂದ ತರೋಣ ಎಂಬ ಕಳವಳ ವಿಜಯಪುರ ನಗರದಲ್ಲೂ ತಿಕೋಟಾ, ಬಬಲೇಶ್ವರದ ಮನೆಗಳಲ್ಲೂ ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ಮರಳಿ ಬರುತ್ತದೆ.

ಇದು ಇಂದು ನಿನ್ನೆಯ ಪ್ರಶ್ನೆಯಲ್ಲ. ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1854ರ ವುಡ್ ಸುತ್ತೋಲೆ ಖಾಸಗಿ ಶಾಲೆಗಳಿಗೂ ಸರಕಾರದ ಅನುದಾನ ಸಿಗಲಿ ಎಂದಿತು. ಲೌಕಿಕ ಶಿಕ್ಷಣ ಚೆನ್ನಾಗಿರಬೇಕು, ತಪಾಸಣೆಗೆ ಒಪ್ಪಬೇಕು. ಶಾಲೆ ಕಲಿಸುವ ಧರ್ಮಬೋಧೆಯ ವಿಷಯಕ್ಕೆ ಸರಕಾರ ಕೈಹಾಕದು. ಆಳುವವರು ಪರಕೀಯರಾದರೂ ಈ ಒಂದು ಮಾತು ನ್ಯಾಯವಾದದ್ದೆಂದೇ ನಮ್ಮ ಎಣಿಕೆ. ಮುಂದೆ 1910ರಲ್ಲಿ ವಕೀಲರಾದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು. ವಚನಗಳನ್ನು ಹುಡುಕಿ ಅಚ್ಚುಹಾಕಿಸಿದ ಆ ಮಹನೀಯರಿಗೆ ಧರ್ಮಶ್ರದ್ಧೆಯೂ ಶಾಲೆಯೂ ಬೇರೆ ಬೇರೆಯಾಗಿ ಕಾಣಲಿಲ್ಲ.

ಸಂವಿಧಾನವು ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕನ್ನು 30ನೆಯ ವಿಧಿಯಲ್ಲಿ ಕೊಟ್ಟಿತು. ಅನುದಾನ ಕೊಡುವಾಗ ತಾರತಮ್ಯ ಸಲ್ಲದೆಂದೂ ಹೇಳಿತು. ಆದರೆ ಒಂದು ಧರ್ಮದ ಪ್ರಸಾರಕ್ಕೆಂದೇ ಮೀಸಲಾದ ತೆರಿಗೆಯನ್ನು ಯಾರಿಂದಲೂ ಬಲವಂತವಾಗಿ ಪಡೆಯುವಂತಿಲ್ಲ ಎನ್ನುತ್ತದೆ 27ನೆಯ ವಿಧಿ. ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವಿಗೆ ಧರ್ಮಬೋಧೆ ಮಾಡುವಂತಿಲ್ಲ ಎನ್ನುತ್ತದೆ 28ನೆಯದು. ನಮ್ಮ ಶಾಲೆಗಳ ಬೆಂಚುಗಳಲ್ಲಿ ಬೇರೆ ಧರ್ಮದ ಮಕ್ಕಳೇ ಹೆಚ್ಚಾಗಿ ಕೂರುವಾಗ ಈ ನಿಯಮ ನಮಗೂ ಒಳ್ಳೆಯದೇ.

ಅಮೆರಿಕದಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ವಿದ್ಯಾರ್ಥಿವೇತನ ನಿಧಿಗೆ ಕೊಟ್ಟ ದಾನವನ್ನು ತೆರಿಗೆಯಲ್ಲೇ ಕಳೆಯುವ ಕಾನೂನನ್ನು ಅರಿಜೋನಾ ರಾಜ್ಯ 1997ರಲ್ಲಿ ತಂದಿತು. ಮೊಂಟಾನಾ ರಾಜ್ಯದ ಇಂಥದೇ ಯೋಜನೆಯಿಂದ ಧಾರ್ಮಿಕ ಶಾಲೆಗಳನ್ನು ಹೊರಗಿಟ್ಟದ್ದು ತಪ್ಪೆಂದು ಅಲ್ಲಿನ ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿತು. 2025ರ ಕೇಂದ್ರ ಕಾನೂನು 2027ರಿಂದ 1,700 ಡಾಲರ್‌ವರೆಗೆ ಈ ಸೌಲಭ್ಯ ಕೊಡುತ್ತದೆ.

ನಮ್ಮಲ್ಲೂ ಹೀಗೇ ಆಗಲಿ ಎಂದು ಆಸೆಪಡುವವರಿದ್ದಾರೆ. ನಾವೂ ಆಸೆಪಟ್ಟವರೇ. ಆದರೆ ತಿಕೋಟಾದ ದ್ರಾಕ್ಷಿ ತೋಟದ ಕಡೆ ನೋಡಿರಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ತೋಟದಲ್ಲಿ ಕೂಲಿ ಮಾಡುವ ತಾಯಿಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ. ತಾನು ಕಟ್ಟಿದ ಫೀಯನ್ನು ತೆರಿಗೆಯಲ್ಲಿ ಕಳೆಯಿರೆಂದರೆ ಆಕೆ ಯಾವುದರಲ್ಲಿ ಕಳೆಯಬೇಕು? ಲಾಭ ನಗರದ ಸಂಬಳದಾರರಿಗೆ ಮಾತ್ರ. ಅವರಿಗೂ ಸಿಗಲಿ, ಬೇಡವೆನ್ನೆವು. ಆದರೆ ಬಡವರ ಮಗುವನ್ನು ಬಿಟ್ಟ ನೆರವನ್ನು ಧರ್ಮಸಭೆಯ ಹೆಸರಿನಲ್ಲಿ ಕೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಕುರಿತ ಘೋಷಣೆಯಲ್ಲಿ, ತಂದೆತಾಯಿಯರು ತಮ್ಮ ಮನಸ್ಸಾಕ್ಷಿಯಂತೆ ಶಾಲೆ ಆರಿಸಲು ನಿಜವಾಗಿ ಸ್ವತಂತ್ರರಾಗುವಂತೆ ಸಾರ್ವಜನಿಕ ನೆರವು ಹಂಚಿಕೆಯಾಗಬೇಕೆಂದಿತು. ಅದಕ್ಕೆ ನಮ್ಮ ನೆಲದಲ್ಲಿ ಹತ್ತಿರವಾದದ್ದು ಅನುದಾನ ಮತ್ತು ವಿದ್ಯಾರ್ಥಿವೇತನ. 1995ರ ನಂತರ ಆರಂಭವಾದ ಖಾಸಗಿ ಕನ್ನಡ ಶಾಲೆಗಳಿಗೂ ಅನುದಾನ ಕೊಡಿರೆಂಬ ಬೇಡಿಕೆ ಬಹುಕಾಲದ್ದು. ಕೇಂದ್ರದ ಅಲ್ಪಸಂಖ್ಯಾತ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 2022ರಲ್ಲಿ 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಿದರು. ಒಂದರಿಂದ ಎಂಟರವರೆಗಿನ ಮಕ್ಕಳು ಅದನ್ನು ಕಳೆದುಕೊಂಡರು. ಇವೆರಡನ್ನೂ ನಮ್ಮ ಶಾಸಕರ, ಸಂಸದರ ಮುಂದಿಡೋಣ. ನಮಗೆ ಮಾತ್ರವೆಂದಲ್ಲ, ಮಠದ ಶಾಲೆಗೂ ಅಂಜುಮನ್ ಶಾಲೆಗೂ ಸೇರಿಸಿಯೇ ಕೇಳೋಣ. ನಮ್ಮ ಎಷ್ಟೋ ಮಕ್ಕಳು ಓದುತ್ತಿರುವ ಸರಕಾರಿ ಶಾಲೆಗಳ ಪಾಲನ್ನು ಕಿತ್ತುಕೊಳ್ಳದೆ ಕೇಳೋಣ.

ಅಲ್ಲಿಯವರೆಗೆ ಒಂದು ಸಣ್ಣ ಮಾತು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆ. ವಿಮೆ, ಭವಿಷ್ಯನಿಧಿ ಎಲ್ಲ ಕೂಡಿ ಒಂದೂವರೆ ಲಕ್ಷ ರೂಪಾಯಿ ಮಿತಿ. ಶಾಲೆಗೆ ಕೊಟ್ಟ ಡೊನೇಶನ್ ಇದರಲ್ಲಿ ಸೇರದು. ಫೀ ರಸೀದಿಗಳನ್ನು ಜೋಪಾನವಾಗಿಡಿರಿ.